ಲ್ಯಾಪ್‌ಟಾಪ್ ನನ್ನದು, ಕೀಲಿ ಅಂಗಡಿಯವರ ಹತ್ತಿರ: 14 ತಿಂಗಳ ಬಳಕೆಯ ನಂತರ

ಕಳೆದ ವರ್ಷ ಜನವರಿಯಲ್ಲಿ ವಿಜಯಪುರದ ಒಂದು ಅಂಗಡಿಯಲ್ಲಿ ಈ ಲ್ಯಾಪ್‌ಟಾಪ್ ತಗೊಂಡೆ. ಬೆಲೆ 46,500 ರೂಪಾಯಿ. ನಾನು ಇಟ್ಟುಕೊಂಡು ಹೋಗಿದ್ದು 50,000. ಬಿಲ್ ಆಗಿದ್ದು 52,500. ಬೆಲೆಯ ಮೇಲೆ ಸೇರಿಸಿದ ಆ 6,000 ರೂಪಾಯಿ ಬಗ್ಗೆಯೇ ಇಲ್ಲಿ ಜಾಸ್ತಿ ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪ್ ಮಾತ್ರ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಲೆಕ್ಕ ಬರೆಯುವುದು ನನ್ನ ಕೆಲಸ. ಬೆಳಿಗ್ಗೆ ಆರಕ್ಕೆ ಚಹಾ ಕುಡಿದು, ಹಳೇ ಶೇವಿಂಗ್ ಬ್ರಷ್‌ನಿಂದ ಕೀಲಿಗಳ ಸಂದಿಯ ಧೂಳು ತೆಗೆಯುತ್ತೇನೆ. ನಮ್ಮೂರ ಧೂಳು ಗೊತ್ತಲ್ವಾ? ಆಮೇಲೆ ವಿಂಡೋಸ್ ಕೀಲಿ ಜೊತೆ ಸ್ಪೇಸ್ ಒತ್ತಿದರೆ ಕನ್ನಡ ಬರುತ್ತದೆ. ರೈತರ ಹೆಸರು, ಶೆಡ್ಡಿನ ಹೆಸರು, ಒಣದ್ರಾಕ್ಷಿ ತೂಕ ಎಲ್ಲಾ ಕನ್ನಡದಲ್ಲೇ ಬರೆಯುತ್ತೇನೆ. ರಾತ್ರಿ ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿ ಕಪಾಟಿನಲ್ಲಿ ಇಡುತ್ತೇನೆ. ಹೊಸದರಲ್ಲಿ ಎಷ್ಟು ಚುರುಕಾಗಿತ್ತೋ ಇವತ್ತಿಗೂ ಹಾಗೇ ಇದೆ.

ಈಗ ಆ 6,000 ರೂಪಾಯಿಯ ಪ್ಯಾಕೇಜಿನ ಮಾತು. "ಎಲ್ಲಾ ಹಾಕಿ ಕೊಡ್ತೀವ್ರಿ ಸರ, ಮನಿಗೆ ಹೋಗಿ ಚಾಲೂ ಮಾಡಿದ್ರ ಸಾಕ್ರಿ" ಅಂದರು ಅಂಗಡಿಯವರು. ಬೇಡ ಅಂದೆ. ಪ್ಯಾಕೇಜ್ ತಗೊಂಡರೆ ಮಾತ್ರ ಈ ರೇಟು ಅಂದರು. ಹೀಗೆ ಒಂದರ ಜೊತೆ ಇನ್ನೊಂದನ್ನು ಕೊಳ್ಳಲೇಬೇಕು ಎಂದು ಗಂಟು ಹಾಕುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆವತ್ತು ನನಗೆ ಇದು ಗೊತ್ತಿರಲಿಲ್ಲ, ದುಡ್ಡು ಕೊಟ್ಟೆ.

ಆ್ಯಂಟಿವೈರಸ್‌ಗೆ 1,800. ದಿನಕ್ಕೆ ನಾಲ್ಕು ಸಲ ಪರದೆಯ ಮೂಲೆಯಿಂದ ಅದರ ಚೀಟಿ ಹೊರಗೆ ಬರುತ್ತಿತ್ತು. ಆರು ತಿಂಗಳಿಗೆ ತೆಗೆದುಹಾಕಿದೆ. ತೆಗೆದ ಕೂಡಲೇ ವಿಂಡೋಸ್‌ನ ಸ್ವಂತ ಸೆಕ್ಯುರಿಟಿ ತಾನೇ ಚಾಲೂ ಆಯಿತು. ಅದು ಮೊದಲಿನಿಂದಲೂ ಒಳಗೇ ಇತ್ತು, ಪುಕ್ಕಟೆ. "ಕನ್ನಡ ಸಾಫ್ಟ್‌ವೇರ್" ಎಂದು 500. ಅದೂ ವಿಂಡೋಸ್‌ನಲ್ಲೇ ಇರುವ ಕೀಬೋರ್ಡ್, ಸೆಟ್ಟಿಂಗ್ಸ್‌ನಲ್ಲಿ ಎರಡು ನಿಮಿಷದ ಕೆಲಸ. ಕೀಬೋರ್ಡ್ ಕವರ್, ಸ್ಕ್ರೀನ್ ಗಾರ್ಡ್ ಸೇರಿ 700. ಮೇ ತಿಂಗಳ ಬಿಸಿಲಿಗೆ ಕವರ್ ಅಂಟಂಟಾಗಿ ಪರದೆ ಮೇಲೆ ಕೀಲಿಗಳ ಗುರುತು ಮೂಡಿತು. ವಾರಂಟಿ ಕಾರ್ಡ್ 2,000. ಎರಡು ವರ್ಷ ಎಂದಿದ್ದರು. ಕಂಪನಿ ಹೇಗೂ ಕೊಡುವ ಒಂದು ವರ್ಷವೂ ಆ ಎರಡರಲ್ಲೇ ಸೇರಿದೆ, ಬ್ಯಾಟರಿ ಮತ್ತು ಚಾರ್ಜರ್ ಅದರೊಳಗೆ ಬರುವುದಿಲ್ಲ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ನೆ ಇರುತ್ತಿದ್ದೆ. ನನ್ನನ್ನು ನಿಜವಾಗಿ ಕಾಡಿದ್ದು 1,000 ರೂಪಾಯಿಯ "ಸೆಟಪ್", ಅಂದರೆ ಮೊದಲ ಸಲ ಚಾಲೂ ಮಾಡಿ ಕೊಡುವ ಕೆಲಸ.

ಈ ಮಾರ್ಚ್‌ನಲ್ಲಿ, ಲೆಕ್ಕದ ಕೆಲಸ ತುಂಬಿದ್ದ ಹೊತ್ತಿಗೆ, ಒಂದು ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ಬಂತು. 48 ಅಂಕಿಯ ರಿಕವರಿ ಕೀ ಹಾಕಿ ಎಂದಿತು. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ನಮ್ಮ ಕಡತಗಳಿಗೆ ತಾನೇ ಬೀಗ ಹಾಕಿರುತ್ತದೆ. ಆ ಬೀಗದ ಕೀ ಹೋಗಿ ಕೂರುವುದು ಮೊದಲ ಸಲ ಚಾಲೂ ಮಾಡುವಾಗ ಕೊಟ್ಟ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ. ನನ್ನ ಯಂತ್ರಕ್ಕೆ ಅಂಗಡಿ ಹುಡುಗ ತನ್ನ ಇಮೇಲ್ ಹಾಕಿದ್ದ. ಎಪ್ಪತ್ತು ರೈತರ ಲೆಕ್ಕ ಒಳಗೆ ಸಿಕ್ಕಿಬಿದ್ದಿತ್ತು.

ಅಂಗಡಿಗೆ ಹೋದರೆ ಆ ಹುಡುಗ ಕೆಲಸ ಬಿಟ್ಟಿದ್ದಾನೆ ಅಂದರು. ಎಲ್ಲಾ ಅಳಿಸಿ ಹೊಸದಾಗಿ ಹಾಕಿಕೊಡಲು ಮತ್ತೆ 1,500 ಕೇಳಿದರು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಒಬ್ಬೊಬ್ಬ ರೈತರ ಮುಖ ಕಣ್ಣ ಮುಂದೆ ಬರುತ್ತಿತ್ತು.

ಮೂರನೇ ದಿನ ಹುಡುಗನ ನಂಬರ್ ಸಿಕ್ಕಿತು. ಫೋನಿನಲ್ಲಿ ವಿಷಯ ಕೇಳಿದ್ದೇ ಸಂಜೆ ಸ್ಕೂಟರ್ ಮೇಲೆ ಮನೆಗೇ ಬಂದ. "ತಪ್ಪಾತ್ರಿ ಕಾಕಾರ, ನಮಗ ಹಂಗ ಮಾಡ್ರಿ ಅಂತ ಹೇಳಿದ್ರ್ರಿ" ಅಂದ. ಮೊಬೈಲಿನಲ್ಲಿ ತನ್ನ ಅಕೌಂಟ್ ತೆಗೆದು, ಪರದೆಯ ಮೇಲಿದ್ದ ಗುರುತಿಗೆ ಹೊಂದುವ ಕೀ ಹುಡುಕಿದ. ಆರಾರು ಅಂಕಿ ಓದುತ್ತಾ ಹೋದ, ನಾನು ಒತ್ತುತ್ತಾ ಹೋದೆ. ಎಂಟನೇ ಗುಂಪು ಮುಗಿದ ಮೇಲೆ ನನ್ನ ಕಡತಗಳು ಕಂಡವು. ಅವನ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು.

ಆದರೆ ಆ ಮೊಬೈಲಿನಲ್ಲಿ ನನ್ನ ಕೀ ಒಂದೇ ಇರಲಿಲ್ಲ. ಉದ್ದಕ್ಕೆ ಪಟ್ಟಿ ಇತ್ತು. ಬೇರೆ ಬೇರೆ ಲ್ಯಾಪ್‌ಟಾಪ್‌ಗಳು, ಬೇರೆ ಬೇರೆ ತಾರೀಖು. ಯಾರದೋ ಮಗಳ ಕಾಲೇಜು ಕೆಲಸ, ಯಾರದೋ ಮನೆಯ ಫೋಟೋ. ಇಂಥ ಕೀ ಒಂದು ಇದೆ ಎಂಬುದೂ ಅವರಿಗೆ ಗೊತ್ತಿರಲಿಕ್ಕಿಲ್ಲ.

ನೀವು ಅಂಗಡಿಯಲ್ಲಿ ಸೆಟಪ್ ಮಾಡಿಸಿದ್ದರೆ ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು ಯಾರ ಇಮೇಲ್ ಇದೆ ನೋಡಿ. ನಿಮ್ಮದಲ್ಲದಿದ್ದರೆ ಬದಲಿಸಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ. ನಾನು ಹೊಲದ ಕಾಗದಗಳ ಜೊತೆ ಇಟ್ಟಿದ್ದೇನೆ. ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದ ಮೈಕ್ರೋಸಾಫ್ಟ್ ಆಫೀಸ್ ಸಾಫ್ಟ್‌ವೇರ್ ಮಾತ್ರ ಆ ಹುಡುಗನ ಇಮೇಲಿಗೇ ಅಂಟಿಕೊಂಡುಬಿಟ್ಟಿದೆ, ನನ್ನ ಹೆಸರಿಗೆ ತರಲು ಆಗಲಿಲ್ಲ. ಈಗ ಪುಕ್ಕಟೆ ಸಿಗುವ ಲಿಬ್ರೆಆಫೀಸ್‌ನಲ್ಲಿ ಲೆಕ್ಕ ಬರೆಯುತ್ತೇನೆ.

ಲ್ಯಾಪ್‌ಟಾಪ್‌ಗೆ ಐದಕ್ಕೆ ನಾಲ್ಕು. ಪ್ಯಾಕೇಜಿಗೆ ಸೊನ್ನೆ. ಆ ಪಟ್ಟಿಯಲ್ಲಿರುವವರನ್ನೆಲ್ಲ ಹುಡುಕಿ ಫೋನ್ ಮಾಡು ಎಂದು ಹುಡುಗನಿಗೆ ಹೇಳಿದ್ದೆ. ಇಲ್ಲಿಯವರೆಗೆ ನಾಲ್ಕು ಜನ ಸಿಕ್ಕಿದ್ದಾರಂತೆ.