ಅಸರ್ ಓದು-ಲೆಕ್ಕದ ಹಾಳೆ: ಮಲೆನಾಡಿನ ಇಬ್ಬರು ಶಿಕ್ಷಕರ ಶಾಲೆಯಲ್ಲಿ ಬಳಸಿ ನೋಡಿದ ಮೇಲೆ

ಬೆಲೆಯಿಂದಲೇ ಶುರು ಮಾಡುತ್ತೇನೆ: ಪುಕ್ಕಟೆ. ಅಸರ್ ಎಂದರೆ ಹಳ್ಳಿಯ ಮಕ್ಕಳು ಎಷ್ಟು ಓದಬಲ್ಲರು, ಎಷ್ಟು ಲೆಕ್ಕ ಮಾಡಬಲ್ಲರು ಎಂದು ನೋಡುವ ಸಮೀಕ್ಷೆ. ಅದರಲ್ಲಿ ಬಳಸುವ ಕನ್ನಡದ ಓದಿನ ಹಾಳೆ, ಲೆಕ್ಕದ ಹಾಳೆ ಎರಡೂ ಅಸರ್ ಜಾಲತಾಣದಲ್ಲಿ ಸಿಗುತ್ತವೆ. ಮೂಡಿಗೆರೆಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಣಕ್ಕೂ ಲ್ಯಾಮಿನೇಷನ್ನಿಗೂ ಕೊಟ್ಟದ್ದಷ್ಟೇ ನನ್ನ ಖರ್ಚು. ಲ್ಯಾಮಿನೇಷನ್ ಯಾಕೆ ಎಂದು ಬಯಲುಸೀಮೆಯ ಗೆಳತಿ ಕೇಳಿದಳು. ಜುಲೈ ತಿಂಗಳಲ್ಲಿ ನಮ್ಮ ಶಾಲೆಯ ಬೀರುವಿನೊಳಗಿನ ಹಾಜರಿ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳು ಗುಂಪಾಗಿ ಕೂತು ಕಾರ್ಡುಗಳಿಂದ ಕಲಿಯುವ ನಲಿ-ಕಲಿಯ ಒಂದರಿಂದ ಮೂರನೇ ತರಗತಿ ನನ್ನದು, ನಾಲ್ಕು-ಐದು ಮುಖ್ಯ ಶಿಕ್ಷಕರದು. ಅವರಿಗೆ ಸಭೆ ಇದ್ದ ದಿನ ಐದೂ ನನ್ನವೇ. ಈ ಹಾಳೆ ನನಗೆ ಬೇಕಾದದ್ದು ಕ್ರಿಯಾ ಸಂಶೋಧನೆಗೆ, ಅಂದರೆ ಶಿಕ್ಷಕರು ತಮ್ಮದೇ ತರಗತಿಯ ಸಮಸ್ಯೆಯ ಮೇಲೆ ನಡೆಸುವ ಸಂಶೋಧನೆಗೆ. ಕ್ರಿಯಾ ಸಂಶೋಧನೆ ಎಂದ ಕೂಡಲೇ ನಮ್ಮ ಶಿಕ್ಷಕರ ವಲಯದಲ್ಲಿ ಒಂದು ಸಿದ್ಧ ಅಚ್ಚು ಹೊರಬರುತ್ತದೆ: ಸಮಸ್ಯೆಯ ಹೇಳಿಕೆ, ಪ್ರಾಕ್ಕಲ್ಪನೆ, ಪೂರ್ವ ಪರೀಕ್ಷೆ, ಕೆಲವು ಚಟುವಟಿಕೆ, ಸಾಫಲ್ಯ ಪರೀಕ್ಷೆ, ಬಣ್ಣದ ಸ್ತಂಭಾಲೇಖ, ಸ್ಪೈರಲ್ ಬೈಂಡಿಂಗ್. ಪೂರ್ವ ಪರೀಕ್ಷೆಯ ಶೇಕಡಾ ನಲವತ್ತು ಕೊನೆಯಲ್ಲಿ ಎಂಬತ್ತಾಗದ ವರದಿ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ನನ್ನ ಪ್ರಶ್ನೆ ಚಿಕ್ಕದು. ನನ್ನ ಕೈಯಿಂದ ನಾಲ್ಕನೇ ತರಗತಿಗೆ ಹೋದ ಮಕ್ಕಳು ಅಲ್ಲಿನ ಪಾಠವನ್ನು ಓದಬಲ್ಲರೇ? ಮಗುವಿನ ಕಲಿಕೆಯನ್ನು ಗುರುತು ಹಾಕುವ ನಲಿ-ಕಲಿಯ ಪ್ರಗತಿ ನೋಟದ ಪ್ರಕಾರ ಅವರೆಲ್ಲ ಕಲಿಕೆಯ ಮೈಲಿಗಲ್ಲು ದಾಟಿದವರೇ.

ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ 2005ರಲ್ಲಿ ಆರಂಭಿಸಿದ ಈ ಸಮೀಕ್ಷೆಯ ಅಂಕಿಗಳು ಪತ್ರಿಕೆಗಳಲ್ಲಿ ಬಂದಾಗಲೆಲ್ಲ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳು ಕೆರಳುತ್ತವೆ. ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2022ರಲ್ಲಿ ಶೇ 16.3 ಇದ್ದರು, 2024ರಲ್ಲಿ ಶೇ 23.4 ಆದರು. ಇದು ಏರಿಕೆಯೋ ಅವಮಾನವೋ ಎಂದು ಜಗಳವಾಡುವವರಲ್ಲಿ ಆ ಅಂಕಿಯ ಹಿಂದಿರುವ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿದವರು ಕಡಿಮೆ. ಓದು-ಲೆಕ್ಕ ಗಟ್ಟಿ ಮಾಡಿಸುವ ‘ಓದು ಕರ್ನಾಟಕ’ ಕಾರ್ಯಕ್ರಮದ ತರಬೇತಿಗೆ ಹೋದವರಿಗೆ ಮಾತ್ರ ಈ ಮಟ್ಟಗಳ ಪರಿಚಯ ಇರುತ್ತದೆ.

ಹಾಳೆಯಲ್ಲಿರುವುದು ಇಷ್ಟೇ: ಅಕ್ಷರಗಳು, ಪದಗಳು, ಒಂದನೇ ತರಗತಿಯ ಮಟ್ಟದ ನಾಲ್ಕು ವಾಕ್ಯಗಳ ಭಾಗ, ಎರಡನೇ ತರಗತಿಯ ಮಟ್ಟದ ಒಂದು ಪುಟ್ಟ ಕಥೆ. ಜಾಣತನ ಇರುವುದು ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲಿ. ಅಕ್ಷರದಿಂದ ಅಲ್ಲ, ನಾಲ್ಕು ವಾಕ್ಯಗಳ ಭಾಗದಿಂದ. ಅದನ್ನು ಮಗು ಸರಾಗವಾಗಿ, ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ ಓದಿದರೆ ಕಥೆಗೆ ಹತ್ತಿಸಬೇಕು. ತಡವರಿಸಿದರೆ ಪದಗಳಿಗೆ ಇಳಿಸಬೇಕು; ಐದರಲ್ಲಿ ನಾಲ್ಕು ಸರಿಯಾದರೆ ಅದು ಪದದ ಮಟ್ಟ. ಅಲ್ಲೂ ಆಗದಿದ್ದರೆ ಅಕ್ಷರ. ಲೆಕ್ಕದಲ್ಲಿಯೂ ಇದೇ ರೀತಿ. ದಶಕ ತೆಗೆದುಕೊಂಡು ಕಳೆಯುವ ಎರಡು ಲೆಕ್ಕಗಳಿಂದ ಶುರು. ಎರಡೂ ಸರಿಯಾದರೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು, ಇಲ್ಲವಾದರೆ ಸಂಖ್ಯೆ ಗುರುತಿಸುವುದು. ಎಲ್ಲ ತರಗತಿಗೂ ಒಂದೇ ಹಾಳೆ. ತರಗತಿಗೆಲ್ಲ ಒಟ್ಟಿಗೆ ಹಂಚುವಂತಿಲ್ಲ. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು.

ನನ್ನ ದೃಷ್ಟಿಯಲ್ಲಿ ಈ ವಸ್ತುವಿನ ಬೆಲೆಯೆಲ್ಲ ಈ ಕೂರುವುದರಲ್ಲಿಯೇ ಇದೆ. ನಮ್ಮ ಶಾಲೆಗೂ ಆಗಾಗ ಸಂಶೋಧನಾರ್ಥಿಗಳು ಬರುತ್ತಾರೆ. ‘ಬಲವಾಗಿ ಒಪ್ಪುತ್ತೇನೆ’ಯಿಂದ ‘ಬಲವಾಗಿ ಒಪ್ಪುವುದಿಲ್ಲ’ದವರೆಗೆ ಐದು ಮನೆಗಳಿರುವ ಪ್ರಶ್ನಾವಳಿ ಕೊಟ್ಟು ನನ್ನ ವೃತ್ತಿ ತೃಪ್ತಿಯನ್ನು ಅಳೆಯುತ್ತಾರೆ, ಬಿಸಿಯೂಟದ ಹೊತ್ತಿಗೆ ಫೋಟೊ ತೆಗೆದುಕೊಳ್ಳುತ್ತಾರೆ, ಬಸ್ಸಿಗೆ ಹೊತ್ತಾಯಿತೆಂದು ಹೊರಡುತ್ತಾರೆ. ನಮ್ಮೂರಿಗೆ ಇರುವುದೂ ಎರಡೇ ಬಸ್ಸು, ಅವರನ್ನು ದೂರುವುದಿಲ್ಲ. ಆದರೆ ಮಗುವಿನ ಪಕ್ಕದಲ್ಲಿ ಕೂತು ‘ಇದನ್ನು ಓದು ಪುಟ್ಟಾ’ ಎಂದವರನ್ನು ನಾನು ಕಂಡಿಲ್ಲ. ಈ ಹಾಳೆ ಹಿಡಿದವರಿಗೆ ಹಾಗೆ ಕೂರದೆ ಗತ್ಯಂತರವಿಲ್ಲ.

ಕೂತಾಗ ಏನು ಕಂಡಿತು? ನಾಲ್ಕನೇ ತರಗತಿಯ ಒಬ್ಬ ಹುಡುಗಿ ಕಥೆಯನ್ನು ಒಂದು ತಪ್ಪೂ ಇಲ್ಲದೆ ಓದಿದಳು. ಹಾಳೆಯ ಲೆಕ್ಕದಲ್ಲಿ ಅವಳದು ಅತ್ಯುನ್ನತ ಮಟ್ಟ. ‘ಈಗ ಕಥೆಯಲ್ಲಿ ಏನಾಯಿತು ಹೇಳು’ ಎಂದೆ. ಸುಮ್ಮನೆ ನಕ್ಕಳು. ಮನೆಯಲ್ಲಿ ತಮಿಳು, ತೋಟದ ಕೂಲಿಯವರ ಲೈನ್ ಮನೆಯ ಸುತ್ತಮುತ್ತಲೂ ತಮಿಳು. ಕನ್ನಡ ಅವಳಿಗೆ ನಲಿ-ಕಲಿಯ ಕಾರ್ಡುಗಳಲ್ಲಿರುವ ಭಾಷೆ. ಅಕ್ಷರಗಳನ್ನು ಬಾಯಿಗೆ ತರುವುದನ್ನು ನಾನೇ ಚೆನ್ನಾಗಿ ಕಲಿಸಿದ್ದೇನೆ, ಅವಳೂ ಕಲಿತಿದ್ದಾಳೆ. ಅರ್ಥವಾಯಿತೇ ಎಂಬ ಪ್ರಶ್ನೆ ಈ ಮೂಲ ಪರೀಕ್ಷೆಯಲ್ಲಿ ಇಲ್ಲ. ಅದನ್ನು ನಾವೇ ಸೇರಿಸಿಕೊಳ್ಳಬೇಕು, ಮಟ್ಟವನ್ನು ಗುರುತು ಹಾಕಿಕೊಂಡ ನಂತರ. ಮೊದಲೇ ಕೇಳಿದರೆ ಮಗು ಹೆದರಿ ಓದುವುದನ್ನೂ ನಿಲ್ಲಿಸುತ್ತದೆ. ಜಾಲತಾಣದಲ್ಲಿ ಬೇರೆ ಭಾಷೆಗಳ ಹಾಳೆಗಳೂ ಇವೆಯಲ್ಲ ಎಂದು ತಮಿಳಿನದನ್ನೂ ಮುದ್ರಿಸಿ ತಂದೆ. ಅವಳಿಗೆ ತಮಿಳಿನ ಒಂದು ಅಕ್ಷರವೂ ಗೊತ್ತಿಲ್ಲ. ಮಾತು ಒಂದು ಭಾಷೆಯದು, ಲಿಪಿ ಇನ್ನೊಂದರದು. ಇಂಥ ಮಗುವನ್ನು ಬರೆದುಕೊಳ್ಳಲು ನಮೂನೆಯಲ್ಲಿ ಜಾಗವಿಲ್ಲ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು ಹೆಚ್ಚುತ್ತಿರುವ ನಮ್ಮ ಕಡೆ ಇದು ಸಣ್ಣ ವಿಷಯವಲ್ಲ.

ಇನ್ನೊಬ್ಬ ಹುಡುಗ, ಐದನೆಯವನು, ಕಳೆಯುವ ಲೆಕ್ಕ ಎರಡನ್ನೂ ತಪ್ಪು ಮಾಡಿದ. ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಾನೆ, ಅದು ಮೇಲಿರಲಿ ಕೆಳಗಿರಲಿ. ಇವನೇ ಕಾಫಿ ಕೊಯ್ಲಿನ ಕಾಲದಲ್ಲಿ ಅಮ್ಮನ ಜೊತೆ ತೂಕದ ಹತ್ತಿರ ನಿಂತು, ಕೆ.ಜಿ.ಗೆ ಐದು ರೂಪಾಯಿಯಂತೆ ಕೂಲಿ ಎಷ್ಟಾಯಿತು, ಮುಂಗಡ ಮುರಿದುಕೊಂಡು ಎಷ್ಟು ಕೈಗೆ ಬರಬೇಕು ಎಂದು ತೋಟದ ಲೆಕ್ಕ ಬರೆಯುವ ರೈಟರಿಗೆ ಬಾಯಲ್ಲೇ ಹೇಳುವವನು. ಹಾಳೆಯ ಅಂಚಿನಲ್ಲಿ ‘ಬಾಯಿಲೆಕ್ಕ ಬರುತ್ತದೆ, ಬರೆದದ್ದು ಬರುವುದಿಲ್ಲ’ ಎಂದು ಬರೆದುಕೊಂಡೆ. ಈಗ ನನ್ನ ಸಂಶೋಧನೆ ನಿಂತಿರುವುದು ಇಂಥ ಅಂಚಿನ ಬರಹಗಳ ಮೇಲೆಯೇ.

ಹೆಚ್ಚಿನವರು ಸಿಕ್ಕಿಬಿದ್ದದ್ದು ಪದದಿಂದ ವಾಕ್ಯಕ್ಕೆ ಹೋಗುವ ಜಾಗದಲ್ಲಿ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾರೆ, ವಾಕ್ಯದ ಆರಂಭಕ್ಕೆ ಮರಳುತ್ತಾರೆ, ಎರಡನೇ ಸಲ ಊಹೆಯಿಂದ ದಾಟುತ್ತಾರೆ. ನಲಿ-ಕಲಿಯ ಕಾರ್ಡಿನಲ್ಲಿ ಚಿತ್ರವಿರುತ್ತದೆ, ಪಕ್ಕದ ಗುಂಪಿನಲ್ಲಿ ಕೂತ ಗೆಳೆಯ ಪಿಸುಗುಟ್ಟುತ್ತಾನೆ. ಇಲ್ಲಿ ಎರಡೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ವಿಧಾನದ ಮೇಲೆ ನನಗೆ ನಂಬಿಕೆ ಹೋಗಿಲ್ಲ. ಆದರೆ ಪ್ರಗತಿ ನೋಟದಲ್ಲಿ ಗುರುತು ಹಾಕುವ ಮುನ್ನ ಚಿತ್ರವಿಲ್ಲದ ನಾಲ್ಕು ವಾಕ್ಯ ಓದಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಮಿತಿಗಳು ಇನ್ನೂ ಇವೆ. ಎರಡನೇ ತರಗತಿಯ ಕಥೆಯೇ ಇದರ ಮಾಳಿಗೆ. ಐದನೇ ತರಗತಿಯ ಜಾಣ ಮಗು ಅಲ್ಲಿಗೆ ತಲುಪಿ ನಿಂತುಬಿಡುತ್ತದೆ, ಅದರಾಚೆ ಎಷ್ಟು ಬಲ್ಲದು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಬರವಣಿಗೆಯನ್ನು ಇದು ಮುಟ್ಟುವುದೇ ಇಲ್ಲ. ತಳಪಾಯ ಗಟ್ಟಿಯಿದೆಯೇ ಎಂದು ಬಡಿದು ನೋಡುವ ಸಲಕರಣೆಯಿಂದ ಇದಕ್ಕಿಂತ ಹೆಚ್ಚು ಬಯಸುವುದೂ ನ್ಯಾಯವಲ್ಲ.

ಸಮೀಕ್ಷೆಯ ವಿಧಾನದ ಬಗ್ಗೆ ಒಂದು ಮಾತು, ಏಕೆಂದರೆ ನಾನು ಹಾಳೆಯನ್ನು ಶಾಲೆಯ ಹೊರಗೂ ಒಯ್ದೆ. ಅಸರ್ ಮಕ್ಕಳನ್ನು ಪರೀಕ್ಷಿಸುವುದು ಶಾಲೆಯಲ್ಲಿ ಅಲ್ಲ, ಮನೆಯಲ್ಲಿ. ಜಿಲ್ಲೆಗೆ ಮೂವತ್ತು ಗ್ರಾಮ, ಗ್ರಾಮಕ್ಕೆ ಇಪ್ಪತ್ತು ಮನೆ. ಬಯಲುಸೀಮೆಯಲ್ಲಿ ಬೀದಿ ಹಿಡಿದು ಮನೆ ಎಣಿಸುತ್ತಾ ಹೋಗಬಹುದು. ನಮ್ಮಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಹಳ್ಳ, ಒಂದು ತೋಟ, ಎರಡು ನಾಯಿ. ಲೈನ್ ಮನೆಗಳಿಗೆ ಹೋಗಬೇಕಾದರೆ ರೈಟರಿಗೆ ಹೇಳಿ ಗೇಟು ತೆಗೆಸಬೇಕು. ಇಷ್ಟೆಲ್ಲ ಯಾಕೆ, ಮಕ್ಕಳು ಹೇಗೂ ಶಾಲೆಗೆ ಬರುತ್ತಾರಲ್ಲ ಎಂದು ಮುಖ್ಯ ಶಿಕ್ಷಕರು ಗೊಣಗಿದರು. ಭಾನುವಾರ ಲೈನ್ ಮನೆಗೆ ಹೋದರೆ ಅಲ್ಲಿ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡ ಒಬ್ಬ ಹುಡುಗ ಇದ್ದ, ಹನ್ನೆರಡರ ಆಸುಪಾಸು. ನಮ್ಮ ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ, ಪಕ್ಕದ ಶಾಲೆಯದರಲ್ಲೂ ಇಲ್ಲ. ಅಕ್ಷರದ ಸಾಲಿನಲ್ಲಿ ಎರಡನ್ನು ಗುರುತಿಸಿದ. ಶಾಲೆಯಲ್ಲೇ ಕೂತು ಎಷ್ಟು ಚೆನ್ನಾಗಿ ಪರೀಕ್ಷೆ ಮಾಡಿದ್ದರೂ ಅವನು ಸಿಗುತ್ತಿರಲಿಲ್ಲ. ಅವನನ್ನು ದಾಖಲು ಮಾಡಿಕೊಳ್ಳುವ ಮಾತು ನಡೆದಿದೆ. ತಂಗಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಅವರಮ್ಮನ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಅಂಗನವಾಡಿ ಇರುವುದು ಹಳ್ಳದ ಆಚೆ.

ಯಾವಾಗ ಮಾಡಬೇಕು ಎಂಬುದನ್ನೂ ಯೋಚಿಸಿ. ಜುಲೈ, ಆಗಸ್ಟಿನಲ್ಲಿ ಮಳೆ ರಜೆಗಳ ನಡುವೆ ಮಕ್ಕಳೇ ಸಿಗುವುದಿಲ್ಲ. ಡಿಸೆಂಬರ್ ಹೊತ್ತಿಗೆ ಕೊಯ್ಲು, ಹಾಜರಿ ಇಳಿಯುತ್ತದೆ. ಮಲೆನಾಡಿಗೆ ದಸರಾ ರಜೆಯ ಹಿಂದು ಮುಂದು ಸರಿ. ನಮ್ಮ ಕಡೆಯ ಫಲಿತಾಂಶವನ್ನು ಮಂಡ್ಯದ ಶಾಲೆಯೊಂದರ ಜೊತೆ ಇಟ್ಟು ನೋಡುವವರು ಕಳೆದುಹೋದ ಮಳೆಗಾಲದ ದಿನಗಳನ್ನೂ ಪಕ್ಕದಲ್ಲಿ ಬರೆದಿಡಲಿ.

ಸಂಶೋಧನೆ ಮಾಡುವ ಶಿಕ್ಷಕರಿಗೆ, ಎಂ.ಇಡಿ. ವಿದ್ಯಾರ್ಥಿಗಳಿಗೆ ಐದರಲ್ಲಿ ನಾಲ್ಕು ಅಂಕ ಕೊಟ್ಟು ಶಿಫಾರಸು ಮಾಡುತ್ತೇನೆ. ಶಾಲೆಗಳನ್ನು ಸಾಲಾಗಿ ನಿಲ್ಲಿಸಿ ಮೊದಲನೆಯದು, ಕೊನೆಯದು ಎಂದು ಕರೆಯಲು ಹೊರಟವರಿಗೆ ಸೊನ್ನೆ. ನಾನು ಹೀಗೆ ಮಾಡುತ್ತಿದ್ದೇನೆಂದು ಕೇಳಿದ ಒಬ್ಬ ಅಧಿಕಾರಿ ‘ಶೇಕಡಾವಾರು ಕೋಷ್ಟಕ ಕಳಿಸಿ ಮೇಡಂ’ ಎಂದರು. ನಾಲ್ಕನೇ ತರಗತಿಯಲ್ಲಿ ಇರುವುದೇ ಐದು ಮಕ್ಕಳು ಸರ್, ಒಬ್ಬಳಿಗೆ ಜ್ವರ ಬಂದರೆ ಶೇಕಡಾ ಇಪ್ಪತ್ತು ಇಳಿಯುತ್ತದೆ ಎಂದೆ. ಆದರೂ ಕಳಿಸಿ ಎಂದರು. ಅಂಚಿನ ಬರಹಗಳ ಸಮೇತ ಕಳಿಸಿದ್ದೇನೆ.

ಮುದ್ರಿಸಿಕೊಳ್ಳುವವರು ಒಂದು ಮಾದರಿಗೆ ನಿಲ್ಲಿಸಬೇಡಿ. ಓದಿನ ಹಾಳೆಗೆ ನಾಲ್ಕು ಮಾದರಿಗಳಿರುವುದು ಸುಮ್ಮನೆ ಅಲ್ಲ: ಜಗುಲಿಯಲ್ಲಿ ಒಬ್ಬ ಓದುತ್ತಿದ್ದರೆ ಕಿಟಕಿಯಾಚೆ ಮೂವರು ಬಾಯಿಪಾಠ ಮಾಡಿಕೊಳ್ಳುತ್ತಿರುತ್ತಾರೆ. ಎರಡನೇ ಸುತ್ತಿಗೆ ಹಿಂದಿನ ವರ್ಷಗಳ ಹಾಳೆಗಳೂ ಆಗುತ್ತವೆ, ಮಟ್ಟ ಒಂದೇ. ಅಂಗಡಿಯವನಿಗೆ ಅಕ್ಷರ ದೊಡ್ಡದಾಗಿ ಬರಲಿ, ಒಂದೇ ಮಗ್ಗುಲು ಮುದ್ರಿಸು ಎಂದು ಮೊದಲೇ ಹೇಳಿ. ಎರಡೂ ಮಗ್ಗುಲು ಮುದ್ರಿಸಿದ ಹಾಳೆಯಲ್ಲಿ ಹಿಂದಿನ ಭಾಗಾಕಾರ ಕಂಡು ಮುಂದಿನ ಕಥೆ ಓದಲು ಹೆದರಿದ ಮಕ್ಕಳಿದ್ದಾರೆ.