ಹಳೆಯ ಲಾರಿಗೆ ಹೊಸ ವೈರಿಂಗ್: ಮಂಡ್ಯದ ಒಂದು ಅಂಗಡಿಯ ಕೆಲಸ

ಕಬ್ಬು ಸಾಗಿಸುವ ನಮ್ಮ ಹಳೆಯ ಲಾರಿಯ ವೈರಿಂಗನ್ನು ಮಂಡ್ಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರಲ್ಲಿ ಪೂರ್ತಿ ಬದಲಾಯಿಸಿಕೊಂಡೆ. ಹೆಡ್‌ಲೈಟಿನ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹರಿದು, ಹಸಿರುಗಟ್ಟಿದ ತಾಮ್ರದ ಜಾಯಿಂಟುಗಳಲ್ಲಿ ವೋಲ್ಟೇಜ್ ಕುಸಿದು, 24 ವೋಲ್ಟಿನ ಬಲ್ಬುಗಳು ಮಂಕಾಗಿ ಉರಿಯುತ್ತಿದ್ದವು. ಅವರು ಬ್ಯಾಟರಿಯಿಂದ ಫ್ಯೂಸ್ ಸಮೇತ ದಪ್ಪ ವೈರನ್ನು ಎಳೆದು, ರಿಲೇಯನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಾಧನ) ಚಾಲೂ ಮಾಡುವಷ್ಟು ಕೆಲಸವನ್ನು ಮಾತ್ರ ಸ್ವಿಚ್ಚಿಗೆ ಉಳಿಸಿದರು. ಚಾಸಿಯಲ್ಲಿ, ಅಂದರೆ ಲಾರಿಯ ಲೋಹದ ಚೌಕಟ್ಟಿನಲ್ಲಿ, ಅರ್ತ್ ಕೊಡುವ (ಕರೆಂಟು ಬ್ಯಾಟರಿಗೆ ಮರಳಲು ವೈರ್ ಜೋಡಿಸುವ) ಜಾಗಗಳನ್ನು ಬಣ್ಣ, ತುಕ್ಕು ಹೋಗುವಂತೆ ಉಜ್ಜಿದ್ದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು, ಏಕೆಂದರೆ ಹಳೆಯ ಗಾಡಿಗಳ ಅರ್ಧ ತೊಂದರೆ ಅಲ್ಲೇ ಅಡಗಿರುತ್ತದೆ. ಹಿಂಬದಿಯ ಲೈಟುಗಳಿಗೆ ರಬ್ಬರ್ ಸೀಲ್ ಇರುವ ಕನೆಕ್ಟರ್ ಹಾಕಿದ್ದಾರೆ. ಆದರೆ ಕ್ಯಾಬಿನ್ನಿನ ಎರಡು ಜಾಯಿಂಟುಗಳನ್ನು ಕ್ರಿಂಪ್ ಮಾಡದೆ (ಲೋಹದ ಕೊಳವೆಯೊಳಗೆ ಒತ್ತಿ ಬಿಗಿಯದೆ) ಬರೀ ಟೇಪು ಸುತ್ತಿದ್ದರು. ತೋರಿಸಿದ ಮೇಲೆ ಬೇಸರಿಸದೆ ಸರಿಪಡಿಸಿದರು. ಎರಡು ದಿನವೆಂದ ಕೆಲಸ ನಾಲ್ಕು ದಿನ ಹಿಡಿಯಿತು.