ಎಂಎಕ್ಸ್-5ಗೆ ಸ್ಟೀಲ್ ಬ್ರೇಡೆಡ್ ಬ್ರೇಕ್ ಹೋಸ್ ಕಿಟ್: ಕೊಳ್ಳಿ, ಆದರೆ ಮೊದಲು ಹಳೇ ಆಯಿಲ್ ಬದಲಿಸಿ

ಚಕ್ರದ ಬಳಿಯ ಬ್ರೇಕಿಗೆ ಆಯಿಲ್ ಒಯ್ಯುವ ರಬ್ಬರ್ ಹೋಸ್‌ಗಳ ಬದಲು ಹಾಕುವ, ಸ್ಟೀಲ್ ಜಾಲರಿ ಹೆಣೆದ ಹೋಸ್‌ಗಳ ಈ ಕಿಟ್ ಚೆನ್ನಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಇದನ್ನು ಹಾಕಿಕೊಂಡವರೆಲ್ಲ "ಪೆಡಲ್ ಎಷ್ಟು ಗಟ್ಟಿಯಾಯಿತು ಗೊತ್ತಾ" ಅಂತ ಹೊಗಳುತ್ತಾರಲ್ಲ, ಆ ಹೊಗಳಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಹೋಸ್‌ಗೆ ಸಲ್ಲಬೇಕಾದದ್ದಲ್ಲ. ಹೋಸ್ ಬಿಚ್ಚಿದ ಮೇಲೆ ಹೇಗಿದ್ದರೂ ಹೊಸ ಬ್ರೇಕ್ ಆಯಿಲ್ ತುಂಬಲೇಬೇಕು, ಗಾಳಿ ತೆಗೆಯಲೇಬೇಕು. ಅಲ್ಲಿಗೆ ಯಾವುದರಿಂದ ಎಷ್ಟು ಲಾಭ ಆಯಿತು ಅಂತ ಯಾರಿಗೂ ತಿಳಿಯುವುದಿಲ್ಲ.

ನನ್ನ ಕಾರು ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5, 1.6 ಲೀಟರ್ ಇಂಜಿನ್ನಿನದು. 1989ರಲ್ಲಿ ಬಂದ ಮಾದರಿ. ಎರಡೇ ಸೀಟು, ಇಂಜಿನ್ ಮುಂದೆ, ಓಡಿಸುವುದು ಹಿಂದಿನ ಚಕ್ರ, ತೂಕ ಒಂದು ಟನ್ ಆಸುಪಾಸು. ಸ್ವಂತ ಕೈಯಲ್ಲಿ ರಿಪೇರಿ ಮಾಡುವವರಿಗೆ ಇಷ್ಟು ಸಹಕರಿಸುವ ಸ್ಪೋರ್ಟ್ಸ್ ಕಾರು ಸಿಗುವುದು ಕಷ್ಟ. ಹೆಚ್ಚಿನ ಬೋಲ್ಟ್‌ಗಳು ಕೈಗೆ ಸಿಗುತ್ತವೆ, ಕಣ್ಣಿಗೂ ಕಾಣುತ್ತವೆ. ತೊಂದರೆ ಒಂದೇ, ವಯಸ್ಸು. ಈ ತಲೆಮಾರಿನ ಕಾರುಗಳ ತಯಾರಿಕೆ 1997ಕ್ಕೇ ನಿಂತಿತು. ಇನ್ನೂ ಕಂಪನಿಯ ರಬ್ಬರ್ ಹೋಸೇ ಇದ್ದರೆ ಅದನ್ನು ಬದಲಿಸುವುದು ಅಪ್‌ಗ್ರೇಡ್ ಅಲ್ಲ, ಬಾಕಿ ಉಳಿದ ಕೆಲಸ ಅಷ್ಟೇ.

ನಾನು ಬೇಕಂತಲೇ ಎಲ್ಲವನ್ನೂ ಒಟ್ಟಿಗೆ ಮಾಡಲಿಲ್ಲ. ಮೊದಲು ಹಳೇ ರಬ್ಬರ್ ಹೋಸ್ ಇಟ್ಟುಕೊಂಡೇ ಬರೀ ಆಯಿಲ್ ಬದಲಿಸಿ, ಗಾಳಿ ತೆಗೆದು, ಸ್ವಲ್ಪ ಕಾಲ ಓಡಿಸಿದೆ. ಪೆಡಲ್ ಅಲ್ಲಿಗೇ ಬೇರೆ ಕಾರಿನದು ಅನಿಸುವಷ್ಟು ಬದಲಾಯಿತು. ಕಾರಣ ಸರಳ. ಪೈಪಿನಲ್ಲಿ ಸೇರಿಕೊಂಡ ಗಾಳಿ ಒತ್ತಿದರೆ ಕುಗ್ಗುತ್ತದೆ, ಕಾಲಿಗೆ ಮೆತ್ತಗೆ ಅನಿಸುವುದು ಅದೇ. ಇನ್ನು ಬ್ರೇಕ್ ಆಯಿಲ್‌ಗೆ ಗಾಳಿಯಿಂದ ನೀರಿನ ತೇವ ಹೀರಿಕೊಳ್ಳುವ ಗುಣ ಇದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ, ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ, ಟ್ರ್ಯಾಕಿನಲ್ಲಿ ಮತ್ತೆ ಮತ್ತೆ ಜೋರಾಗಿ ಬ್ರೇಕ್ ಹಾಕುವಾಗ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಬಿಸಿಯಾಗಿ ಆಯಿಲ್ ಕುದಿಯಿತು ಅಂದುಕೊಳ್ಳಿ, ಆವಿ ಎದ್ದು ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಆಗ ಹೋಸ್ ಯಾವುದಾದರೇನು?

ಇನ್ನೊಂದು ವಿಷಯ ಈ ಕಾರಿನವರಿಗೇ ಮೀಸಲು. ಹಿಂದಿನ ಕ್ಯಾಲಿಪರ್ ಒಳಗೇ ಹ್ಯಾಂಡ್ ಬ್ರೇಕ್ ಇದೆ. ಅದರ ಹಿಂಬದಿಯಲ್ಲಿ ಒಂದು ಮುಚ್ಚಳದ ಬೋಲ್ಟ್, ಅದನ್ನು ತೆಗೆದರೆ 4 ಮಿಲಿಮೀಟರ್ ಅಲೆನ್ ಕೀ ಹಿಡಿಸುವ ಸ್ಕ್ರೂ. ಪ್ಯಾಡ್ ಡಿಸ್ಕಿಗೆ ತಾಗುವವರೆಗೆ ಬಿಗಿ ಮಾಡಿ, ಸುತ್ತಿನ ಮೂರನೇ ಒಂದರಷ್ಟು ಹಿಂದಕ್ಕೆ ತಿರುಗಿಸಬೇಕು. ಇದು ಸಡಿಲ ಇದ್ದರೆ ಪೆಡಲ್ ಉದ್ದಕ್ಕೆ ಕೆಳಗೆ ಹೋಗುತ್ತದೆ, ನಾವು ಪಾಪದ ಹೋಸ್ ಮೇಲೆ ಅನುಮಾನ ಪಡುತ್ತೇವೆ. ಐದು ನಿಮಿಷದ ಕೆಲಸ, ಯಾವ ಕಿಟ್ಟೂ ಬೇಡ.

ಇಷ್ಟೆಲ್ಲ ಆದ ಮೇಲೆ ಬ್ರೇಡೆಡ್ ಹೋಸ್ ಹಾಕಿದೆ. ವ್ಯತ್ಯಾಸ ಇದೆಯಾ? ಇದೆ. ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಬ್ರೇಕ್ ಹಿಡಿಯಲು ಶುರುವಾಗುತ್ತದೆ, ಎಷ್ಟು ಒತ್ತಿದೆವೋ ಅಷ್ಟೇ ಅನ್ನುವ ಲೆಕ್ಕ ಕಾಲಿಗೆ ಸಿಗುತ್ತದೆ. ತುಂಬಾ ಜೋರಾಗಿ ಒತ್ತಿದಾಗ ಕೊನೆಯಲ್ಲಿ ಸ್ವಲ್ಪ ಜಗ್ಗುತ್ತಿತ್ತಲ್ಲ, ಅದು ಹೋಗಿದೆ. ರಬ್ಬರ್ ಹೋಸ್ ಒತ್ತಡಕ್ಕೆ ತುಸು ಉಬ್ಬುತ್ತದೆ. ಇದರಲ್ಲಿ ಒಳಗೆ ಪಿಟಿಎಫ್ಇ (ಟೆಫ್ಲಾನ್) ಕೊಳವೆ, ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಇರುವುದರಿಂದ ಅಷ್ಟು ಉಬ್ಬುವುದಿಲ್ಲ. ಆದರೆ ಕಾರು ನಿಲ್ಲುವ ದೂರ ಕಡಿಮೆಯಾಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾರು ನಿಲ್ಲಿಸುವುದು ಟೈರು ಮತ್ತು ಪ್ಯಾಡು.

ಕಿಟ್ ಬಗ್ಗೆ ನನಗೆ ಇಷ್ಟವಾದದ್ದು ಜಾಲರಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ. ಹೊದಿಕೆ ಇಲ್ಲದ ಹೋಸ್ ನೋಡೋಕೆ ಚಂದ, ಹೊಳೆಯುತ್ತದೆ, ಆದರೆ ಬರಿಯ ಜಾಲರಿ ತಾಗಿದ ಜಾಗವನ್ನೆಲ್ಲ ಅರ ಹಾಕಿದ ಹಾಗೆ ತೇಯುತ್ತದೆ, ಮಣ್ಣೂ ಒಳಗೆ ಸೇರುತ್ತದೆ. ತುದಿಯ ಫಿಟ್ಟಿಂಗ್‌ಗಳ ಕೆಲಸವೂ ಅಚ್ಚುಕಟ್ಟು.

ಇಷ್ಟವಾಗದ್ದು ಜಿಪುಣತನ. ನಾಲ್ಕು ಹೋಸ್, ಹೋಸನ್ನು ಕ್ಯಾಲಿಪರ್‌ಗೆ ಜೋಡಿಸುವ ಪ್ರತಿ ಬ್ಯಾಂಜೋ ಬೋಲ್ಟಿಗೆ (ಆಯಿಲ್ ಹಾಯಲು ಒಳಗೆ ತೂತಿರುವ ಬೋಲ್ಟ್) ಎರಡು ತಾಮ್ರದ ವಾಷರ್, ಒಟ್ಟು 8 ಬೇಕು. ಸರಿಯಾಗಿ 8 ಕೊಟ್ಟಿದ್ದಾರೆ, ಒಂದೂ ಹೆಚ್ಚಿಗೆ ಇಲ್ಲ! ಹಳೇ ವಾಷರನ್ನೇ ಮತ್ತೆ ಹಾಕಿದರೆ ಸೋರುವ ಸಾಧ್ಯತೆ ಇದೆ ಅಂತ ಗೊತ್ತಿರುವ ತಯಾರಕರು ಎರಡು ಜಾಸ್ತಿ ಹಾಕಿದ್ದರೆ ಏನು ಗಂಟು ಹೋಗುತ್ತಿತ್ತು? ಸೂಚನೆ ಅಂತ ಕೊಟ್ಟಿರುವುದು ಒಂದು ಮಸುಕು ಚಿತ್ರ. ಹಿಂದಿನ ಒಂದು ಹೋಸ್ ಬ್ರಾಕೆಟ್ಟಿನ ತೂತಿಗೆ ಬಿಗಿಯಾಯಿತು, ಅಲ್ಲಿನ ತುಕ್ಕು ಉಜ್ಜಿ ತೆಗೆದ ಮೇಲೆ ಕೂತಿತು. ಅದು ಕಾರಿನ ತಪ್ಪು ಅಂತಲೇ ಇಟ್ಟುಕೊಳ್ಳೋಣ.

ಹಾಕುವವರಿಗೆ ಒಂದೆರಡು ಮಾತು. ಮಾಮೂಲಿ ಸ್ಪ್ಯಾನರ್‌ನಿಂದ ಬ್ರೇಕ್ ಪೈಪಿನ ನಟ್ ತಿರುಗಿಸಲು ಹೋಗಬೇಡಿ. ಅದರ ಮೂಲೆ ಸವೆದರೆ ಲೋಹದ ಪೈಪನ್ನೇ ಹೊಸದಾಗಿ ಮಾಡಿಸಬೇಕಾಗುತ್ತದೆ. ನಟ್ಟನ್ನು ಹೆಚ್ಚು ಕಡೆಯಿಂದ ಹಿಡಿಯುವ 10 ಮಿಲಿಮೀಟರ್‌ನ ಫ್ಲೇರ್ ನಟ್ ಸ್ಪ್ಯಾನರ್ ಇಲ್ಲದೆ ಶುರುವೇ ಮಾಡಬೇಡಿ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಕಾರನ್ನು ಬರೀ ಜಾಕ್ ಮೇಲೆ ನಂಬಿ ಬಿಡಬಾರದು, ಸ್ಟ್ಯಾಂಡ್ ಬೇಕೇ ಬೇಕು. ಗಾಳಿ ತೆಗೆಯುವಾಗ ಕಾರಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗಲು ಬಿಡಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಸುಮ್ನೆ ಬಟ್ಟೆಯಲ್ಲಿ ಒರೆಸಿದರೆ ಸಾಲದು, ಅದು ಬಣ್ಣ ತಿನ್ನುತ್ತದೆ. ಎಲ್ಲ ಬಿಗಿ ಮಾಡಿದ ಮೇಲೆ ಸ್ಟೀರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಹೋಸ್ ಎಲ್ಲೂ ಎಳೆಯುತ್ತಿಲ್ಲ, ಟೈರಿಗೆ ತಾಗುತ್ತಿಲ್ಲ ಅಂತ ನೋಡಿ. ಚಕ್ರ ಕೆಳಗೆ ನೇತಾಡುವಾಗ ಒಮ್ಮೆ, ನೆಲದ ಮೇಲೆ ಭಾರ ಬಿದ್ದಾಗ ಒಮ್ಮೆ. ಮತ್ತೊಬ್ಬರನ್ನು ಕೂರಿಸಿ ಪೆಡಲ್ ಜೋರಾಗಿ ಒತ್ತಿ ಹಿಡಿಯಲು ಹೇಳಿ, ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಮುಟ್ಟಿ ನೋಡಿ. ಒದ್ದೆಯಾದರೆ ಕಾರು ಹೊರಡಬಾರದು.

ಒಂದು ಕೊರತೆಯನ್ನು ಮಾರುವವರು ಯಾರೂ ಹೇಳುವುದಿಲ್ಲ. ರಬ್ಬರ್ ಹೋಸ್ ಹಳೆಯದಾದರೆ ಹೊರಗೆ ಬಿರುಕು ಕಾಣಿಸುತ್ತದೆ, ಬಗ್ಗಿಸಿ ನೋಡಿದರೆ ಸಾಕು. ಇಲ್ಲಿ ಒಳಗಿನ ಕೊಳವೆ ಜಾಲರಿಯ ಹಿಂದೆ ಅಡಗಿರುತ್ತದೆ. ಹಾಗಾಗಿ ತಯಾರಕರು ಎಷ್ಟು ವರ್ಷಕ್ಕೆ ಬದಲಿಸಿ ಅನ್ನುತ್ತಾರೆ ನೋಡಿಕೊಳ್ಳಿ, ಹೋಸ್ ಮೇಲೆ ಪರೀಕ್ಷೆ ಪಾಸಾದ ಗುರುತು ಇಲ್ಲದ ಅಗ್ಗದ ಮಾಲು ಬೇಡವೇ ಬೇಡ.

ಯಾರು ಕೊಳ್ಳಬೇಕು? ಹಳೇ ಹೋಸ್ ಹೇಗಿದ್ದರೂ ಬದಲಿಸಬೇಕಾದವರು, ಟ್ರ್ಯಾಕಿಗೆ ಹೋಗುವವರು. ಹೋಸ್ ಗಟ್ಟಿಮುಟ್ಟಾಗಿದ್ದು ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ ಒಳ್ಳೆ ಪ್ಯಾಡ್ ತಗೊಳ್ಳಿ. 1.6 ಕಾರಿನವರಿಗೆ ಇನ್ನೊಂದು ದಾರಿಯೂ ಇದೆ, ಇದೇ ಕಾರಿನ 1.8 ಲೀಟರ್ ಮಾದರಿಯ ಮುಂಚಕ್ರದ ಡಿಸ್ಕ್ ಮತ್ತು ಕ್ಯಾಲಿಪರ್ ಬ್ರಾಕೆಟ್ ಹಾಕಿಕೊಳ್ಳುವುದು. 235 ಮಿಲಿಮೀಟರ್ ಡಿಸ್ಕ್ ಹೋಗಿ 255ರದ್ದು ಬರುತ್ತದೆ, ಬಿಸಿ ತಡೆದುಕೊಳ್ಳುವ ಶಕ್ತಿ ಜಾಸ್ತಿಯಾಗುತ್ತದೆ.

ಅಂದ ಹಾಗೆ, ಕೆಲವರು ಕ್ಲಚ್‌ಗೆ ಐದನೇ ಹೋಸ್ ಕೂಡ ಮಾರುತ್ತಾರೆ. ಈ ಕಾರಿನ ಕ್ಲಚ್ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಸೋರುವುದಕ್ಕೇ ಹೆಸರುವಾಸಿ. ಹೇಗೂ ಒಂದು ದಿನ ಅದನ್ನು ಬಿಚ್ಚುವವರೇ ನೀವು, ಹೋಸ್ ಈಗಲೇ ತರಿಸಿಟ್ಟುಕೊಂಡು ಎರಡನ್ನೂ ಒಂದೇ ಸಲ ಹಾಕಿ.